ದಾಸ್ಯವಿಲ್ಲದ ನಾಳೆ: ನಮ್ಮ ಭಾಗದ ಹಾಡು-ಕವಿತೆಗಳಲ್ಲಿ ಒಂದು ನೋಟ

ಕಾವ್ಯವು ಆಗಿಹೋದುದನ್ನು ಹೇಳುತ್ತದೆ, ಆಗುತ್ತಿರುವುದನ್ನೂ ಹೇಳುತ್ತದೆ. ಇವೆರಡಲ್ಲದೆ ಅದಕ್ಕೆ ಮೂರನೆಯ ಕೆಲಸವೊಂದುಂಟು. ಇನ್ನೂ ಆಗದೆ ಇರುವುದನ್ನು, ಆಗಬೇಕಾದುದನ್ನು, ಕಣ್ಣ ಮುಂದೆ ತಂದು ನಿಲ್ಲಿಸುವುದೇ ಆ ಕೆಲಸ. ಪರರ ದಬ್ಬಾಳಿಕೆಯ ಕೆಳಗೆ ಬದುಕಿದ ಜನರಿಗೆ ಈ ಮೂರನೆಯ ಕೆಲಸವು ಬರಿಯ ವಿಲಾಸವಲ್ಲ. ಇಂದಿನ ಸ್ಥಿತಿಯೇ ಶಾಶ್ವತವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳದೆ ಯಾರೂ ಆ ಸ್ಥಿತಿಯನ್ನು ಬದಲಿಸಲು ಹೊರಡುವುದಿಲ್ಲ.

ಹಾಗಾದರೆ ನಮ್ಮ ಭಾಗದ ಜನರು, ಅಂದರೆ ಬೆಳಗಾವಿ, ಬಾಗಲಕೋಟೆ, ಧಾರವಾಡಗಳ ಕಡೆಯವರು, ದಾಸ್ಯವಿಲ್ಲದ ನಾಳೆಯೊಂದನ್ನು ತಮ್ಮ ಹಾಡು-ಕವಿತೆಗಳಲ್ಲಿ ಹೇಗೆ ಕಂಡರು? ಆ ನಾಳೆಯಲ್ಲಿ ಯಾರಿಗೆ ಜಾಗವಿತ್ತು, ಯಾರಿಗೆ ಇರಲಿಲ್ಲ? ಈ ಎರಡು ಪ್ರಶ್ನೆಗಳನ್ನು ಯಥಾಶಕ್ತಿ ವಿಚಾರಿಸುವುದು ಈ ಲೇಖನದ ಉದ್ದೇಶ. ಹೋಲಿಕೆಗಾಗಿ ನಡುವೆ ಅಮೇರಿಕೆಯ ಆರಂಭಕಾಲದ ಕಾವ್ಯವನ್ನೂ ನೋಡಿದ್ದೇನೆ. ಅವರೂ ನಮ್ಮಂತೆಯೇ ಬ್ರಿಟಿಷ್ ಆಳಿಕೆಯಿಂದ ಬಿಡಿಸಿಕೊಂಡವರಾದುದರಿಂದ ಈ ಹೋಲಿಕೆ ಅಸಂಗತವಾಗಲಾರದು.

ಮೊದಲು ಲಾವಣಿಗಳನ್ನು ನೋಡೋಣ. ಕಂಪನಿಯ ಆಳಿಕೆಯನ್ನು ಕುರಿತು ನಮ್ಮಲ್ಲಿ ಗಟ್ಟಿದನಿಯಲ್ಲಿ ಹಾಡಿದವರು ಲಾವಣಿಕಾರರು. ಅವರ ಹಾಡುಗಳಲ್ಲಿ ಕೆಲವನ್ನು ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ 1880ರ ದಶಕದಲ್ಲಿ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ಆಳುವವರ ವಿರುದ್ಧ ಹುಟ್ಟಿದ ಹಾಡು ಆಳುವವರ ಕೈಯಿಂದಲೇ ಉಳಿದುಬಂದಿತೆಂಬುದು ವಿಚಿತ್ರವಾದರೂ ನಿಜ.

ಈ ಲಾವಣಿಗಳಲ್ಲಿ ಹಲಗಲಿಯ ಬೇಡರದು ಎಲ್ಲರಿಗೂ ಪರಿಚಿತವಾದದ್ದು. ನಮ್ಮಲ್ಲಿ ಅನೇಕರು ಅದನ್ನು ಪ್ರೌಢಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. 1857ರ ದಂಗೆಯ ಕಾಲಕ್ಕೆ ಕಂಪನಿ ಸರಕಾರವು ಜನರೆಲ್ಲ ತಮ್ಮ ಆಯುಧಗಳನ್ನು ತಂದೊಪ್ಪಿಸಬೇಕೆಂದು ಆಜ್ಞೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯಿಂದಲೂ ಕಾವಲಿನಿಂದಲೂ ಬದುಕುವವನಿಗೆ ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಮುಂದಾದರು. ಆ ವರ್ಷದ ನವೆಂಬರಿನ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ 19 ಜನರನ್ನು ಗಲ್ಲಿಗೇರಿಸಿದರು.

ಈ ಲಾವಣಿಯ ಕೊನೆಯ ಭಾಗವನ್ನು ಲಕ್ಷ್ಯವಿಟ್ಟು ಓದಬೇಕು. ಅಲ್ಲಿ ವೀರರ ಸ್ತುತಿ ಇಲ್ಲ, ಸ್ವಾತಂತ್ರ್ಯದ ಜಯಕಾರವೂ ಇಲ್ಲ. ದಂಡಿನವರು ಊರಿನಿಂದ ಏನೇನು ದೋಚಿದರೆಂಬ ಪಟ್ಟಿ ಇದೆ. ಕೊಡಲಿ, ಕಬ್ಬಿಣ, ಹಾಲು, ಮೊಸರು, ಬೆಲ್ಲ, ಜೀರಿಗೆ, ಉಪ್ಪು, ಎಣ್ಣೆ, ಉಣ್ಣುವ ಗಂಗಾಳ, ಕೊರಳಿನ ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು ಕೂಡ. ಊರು ಗುರುತು ಸಿಗದಂತೆ ಹಾಳಾಯಿತೆಂದು ಕವಿ ಹಾಡನ್ನು ಮುಗಿಸುತ್ತಾನೆ. ಕ್ರಿಯಾಪದಗಳೆಲ್ಲ ಭೂತಕಾಲದವು. ನಾಳೆ ಎಂಬ ಮಾತೇ ಇಲ್ಲ.

ಇದು ಕವಿಯ ಕೊರತೆಯೆಂದು ನನಗೆ ತೋರುವುದಿಲ್ಲ. ಸುಟ್ಟ ಊರಿನ ಮುಂದೆ ನಿಂತವನಿಗೆ ನಾಳೆಯ ಮಾತು ಬಾಯಿಗೆ ಬರುವುದು ಕಷ್ಟ. ಆದರೆ ತಿಳಿದೋ ತಿಳಿಯದೆಯೋ ಅವನು ಒಂದು ದೊಡ್ಡ ಕೆಲಸ ಮಾಡಿದ್ದಾನೆ. ಸ್ವಾತಂತ್ರ್ಯವೆಂದರೇನು ಎಂಬುದಕ್ಕೆ ಅಳತೆಗೋಲೊಂದನ್ನು ಕೊಟ್ಟಿದ್ದಾನೆ. ಸ್ವಾತಂತ್ರ್ಯವೆಂದರೆ ಬಡವನ ಮನೆಯ ಉಪ್ಪು, ಜೀರಿಗೆ, ಬೀಸುಕಲ್ಲುಗಳು ಇದ್ದಲ್ಲಿಯೇ ಇರುವುದು. ಮುಂದಿನ ಯಾವ ಕವಿ ಎಂಥ ಭವ್ಯವಾದ ನಾಳೆಯನ್ನು ಬಣ್ಣಿಸಿದರೂ ಅದನ್ನು ಈ ಅಳತೆಗೋಲಿನಿಂದ ಅಳೆಯಬಹುದು.

ಸಂಗೊಳ್ಳಿ ರಾಯಣ್ಣನ ಕಥೆಯ ರೀತಿ ಬೇರೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದನು. ಆದರೆ ಅದೇ ವರ್ಷ ಡಿಸೆಂಬರಿನಲ್ಲಿ ಕೋಟೆಯೂ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅನಂತರವೂ ರಾಯಣ್ಣ ಕಾದಾಡಿದ್ದು ಕಿತ್ತೂರಿನ ದತ್ತುಮಗನನ್ನು ಮರಳಿ ಗಾದಿಯ ಮೇಲೆ ಕೂಡ್ರಿಸುವುದಕ್ಕಾಗಿ. ಇಲ್ಲಿ ನಾಳೆಯ ಕಲ್ಪನೆ ಇದೆ, ಆದರೆ ಅದು ನಿನ್ನೆಯ ರೂಪದಲ್ಲಿದೆ: ಹೋದ ಅರಸುತನ ಮರಳಿ ಬರಬೇಕು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಹಂಬಲವುಳ್ಳವರು ತೊಟ್ಟಿಲು ಕಟ್ಟುತ್ತಾರೆ. ಇಂಥ ಮಗ ನಮ್ಮ ಮನೆಯಲ್ಲಿ ಹುಟ್ಟಲಿ ಎಂಬ ಹಾರೈಕೆ ಅದು. ಗಾದಿಯ ಕನಸು ಮುಗಿದ ಮೇಲೆಯೂ ಜನರು ನಾಳೆಯನ್ನು ತೊಟ್ಟಿಲಲ್ಲಿ ಇಟ್ಟುಕೊಂಡರು.

ನಾಳೆಯನ್ನು ಬರಲಿರುವ ಅರಸನ ರೂಪದಲ್ಲಿ ಕಾಣುವ ಈ ವಾಡಿಕೆ ಕನ್ನಡದಲ್ಲಿ ಹಳೆಯದು. ನಮ್ಮಲ್ಲಿ ಕಾಲಜ್ಞಾನವೆಂಬ ಸಾಹಿತ್ಯಪ್ರಕಾರವೇ ಇದೆ. ಕೊಡೇಕಲ್ಲ ಬಸವಣ್ಣನ ಪರಂಪರೆಯ ಕಾಲಜ್ಞಾನಗಳು ಇದರಲ್ಲಿ ಪ್ರಸಿದ್ಧವಾದವು. 1565ರಲ್ಲಿ ವಿಜಯನಗರ ಹಾಳಾದ ಮೇಲೆ ಇಂಥ ಭವಿಷ್ಯವಾಣಿಗಳಿಗೆ ಹೊಸ ಅರ್ಥ ಬಂದಿತು. ಕೆಡುಗಾಲ ಮುಗಿಯುವುದು, ವೀರವಸಂತರಾಯನೆಂಬವನು ಬರುವನು, ಲೋಕ ಮತ್ತೆ ನೆಟ್ಟಗಾಗುವುದು ಎಂಬುದು ಅವುಗಳ ಸಾರ. ಇದರಲ್ಲಿ ಆಸೆಯಿದೆ, ಧೈರ್ಯವೂ ಇದೆ. ಆದರೆ ಜನರು ಮಾಡಬೇಕಾದುದು ಕಾಯುವುದು ಒಂದೇ. ಬರುವವನು ಬರುತ್ತಾನೆ, ನಾವು ದಾರಿ ನೋಡುತ್ತೇವೆ.

ಹಾಗಾದರೆ ಅರಸನಿಲ್ಲದ ನಾಳೆಯನ್ನು, ಜನರೇ ಕಟ್ಟುವ ನಾಳೆಯನ್ನು, ಕವಿಗಳು ಕಾಣತೊಡಗಿದ್ದು ಯಾವಾಗ? ಇದನ್ನು ತಿಳಿಯಲು ಒಂದು ಗಳಿಗೆ ಅಮೇರಿಕೆಗೆ ಹೋಗಿಬರೋಣ.

1771ರ ಸೆಪ್ಟೆಂಬರಿನಲ್ಲಿ, ಇಂದು ಪ್ರಿನ್ಸ್‌ಟನ್ ಎಂದು ಹೆಸರಾಗಿರುವ ಕಾಲೇಜಿನ ಪದವಿದಾನ ಸಮಾರಂಭದಲ್ಲಿ ಒಂದು ದೀರ್ಘ ಕವಿತೆಯನ್ನು ಓದಲಾಯಿತು. ‘ಅಮೇರಿಕೆಯ ಉದಯಿಸುವ ವೈಭವ’ ಎಂಬರ್ಥದ ಹೆಸರು ಅದಕ್ಕೆ. ಬರೆದವರು ಅದೇ ವರ್ಷ ಪದವಿ ಪಡೆಯುತ್ತಿದ್ದ ಇಬ್ಬರು ವಿದ್ಯಾರ್ಥಿಗಳು: ಫಿಲಿಪ್ ಫ್ರೆನೊ ಮತ್ತು ಹ್ಯೂ ಹೆನ್ರಿ ಬ್ರ್ಯಾಕನ್‌ರಿಜ್. ಫ್ರೆನೊನಿಗೆ ಆಗ 19 ವರ್ಷ. ಸಹಾಧ್ಯಾಯಿಗಳೇ, ನಮ್ಮ ವಯಸ್ಸಿನವರು ನಮ್ಮಂಥದೇ ಸಮಾರಂಭವೊಂದಕ್ಕೆ ಬರೆದ ಪದ್ಯವನ್ನು ಇಂದಿಗೂ ಜನ ಓದುತ್ತಾರೆಂಬುದು ನಾವು ನೆನಪಿಡತಕ್ಕ ಸಂಗತಿ. ಮೊದಲ ರೂಪದಲ್ಲಿ ಆ ಕವಿತೆ ಬ್ರಿಟನ್ನಿನ ಹೊಗಳಿಕೆಯನ್ನೂ ಒಳಗೊಂಡಿತ್ತು. ಕಾಲ ಬದಲಾದಂತೆ ಫ್ರೆನೊ ಅದನ್ನು ತಿದ್ದಿ ಆ ಹೊಗಳಿಕೆಯನ್ನು ತೆಗೆದುಹಾಕಿದನು. 1780ರಲ್ಲಿ ಬ್ರಿಟಿಷರು ಅವನನ್ನು ಹಿಡಿದು ಸೆರೆಹಡಗಿನಲ್ಲಿಟ್ಟರು. ಅನುಭವವು ಕವಿಯ ವ್ಯಾಕರಣವನ್ನು ತಿದ್ದುತ್ತದೆ.

1787ರಲ್ಲಿ ಜೋಯೆಲ್ ಬಾರ್ಲೋ ಎಂಬವನು ‘ಕೊಲಂಬಸನ ದರ್ಶನ’ ಎಂಬ ಮಹಾಕಾವ್ಯವನ್ನು ಪ್ರಕಟಿಸಿದನು. ಸೆರೆಯಲ್ಲಿ ಕೊರಗುತ್ತಿರುವ ಮುದುಕ ಕೊಲಂಬಸನ ಬಳಿಗೆ ದೇವದೂತನೊಬ್ಬ ಬಂದು, ಅವನನ್ನು ಎತ್ತರದ ಬೆಟ್ಟಕ್ಕೆ ಕರೆದೊಯ್ದು, ಮುಂದಾಗುವುದನ್ನೆಲ್ಲ ತೋರಿಸುತ್ತಾನೆ. ಕಟ್ಟಕಡೆಗೆ ಲೋಕದ ಸಕಲ ರಾಷ್ಟ್ರಗಳೂ ಯುದ್ಧವನ್ನು ಬಿಟ್ಟು ಒಂದು ಸಭೆಯಲ್ಲಿ ಕೂಡುತ್ತವೆ. ಅಲ್ಲಿ ಬರಲಿರುವ ಅರಸನಿಲ್ಲ. ಕೂಡಿ ಕುಳಿತ ಪ್ರಜೆಗಳಿದ್ದಾರೆ. ಕಾಲಜ್ಞಾನಕ್ಕೂ ಇದಕ್ಕೂ ಇರುವ ಅಂತರ ಇದೇ.

ಆದರೆ ಈ ಸುಂದರ ಚಿತ್ರದಲ್ಲಿ ಒಂದು ಮೂಲೆ ಕತ್ತಲಾಗಿತ್ತು. ಬಾರ್ಲೋನ ಕಾವ್ಯ ಹೊರಬಂದ 1787ರಲ್ಲಿಯೇ ರಚಿತವಾದ ಅಮೇರಿಕೆಯ ಸಂವಿಧಾನ ಗುಲಾಮಗಿರಿಯನ್ನು ಉಳಿಸಿಕೊಂಡಿತು. ಅದು ಕಾನೂನಿನಿಂದ ಅಳಿಯಲು 1865ರ ವರೆಗೆ ಕಾಯಬೇಕಾಯಿತು. ಈ ಕತ್ತಲಿನ ಮೂಲೆಯಿಂದ ಮಾತಾಡಿದವಳು ಫಿಲಿಸ್ ವೀಟ್ಲಿ. ಆಫ್ರಿಕೆಯಲ್ಲಿ ಹುಟ್ಟಿದ ಈ ಹುಡುಗಿಯನ್ನು ಏಳೆಂಟು ವರ್ಷದವಳಿದ್ದಾಗ, 1761ರಲ್ಲಿ, ಬಾಸ್ಟನ್ ನಗರದಲ್ಲಿ ಮಾರಿದರು. ಕರೆತಂದ ಹಡಗಿನ ಹೆಸರನ್ನೇ ಅವಳಿಗೂ ಇಟ್ಟರು. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ, 1773ರಲ್ಲಿ, ಅವಳ ಕವನಸಂಗ್ರಹ ಲಂಡನ್ನಿನಲ್ಲಿ ಪ್ರಕಟವಾಯಿತು. ಗುಲಾಮಳೊಬ್ಬಳು ಇಂಥ ಪದ್ಯ ಬರೆಯಬಲ್ಲಳೆಂದು ಜನ ನಂಬಲಾರರೆಂದು, ಬಾಸ್ಟನ್ನಿನ 18 ಜನ ಪ್ರಮುಖರು ಸಹಿ ಮಾಡಿದ ಪ್ರಮಾಣಪತ್ರವನ್ನು ಪುಸ್ತಕದ ಮೊದಲಲ್ಲಿ ಅಚ್ಚು ಹಾಕಬೇಕಾಯಿತು.

ಅವಳು ಲಾರ್ಡ್ ಡಾರ್ಟ್‌ಮತ್‌ನನ್ನು ಉದ್ದೇಶಿಸಿ ಬರೆದ ಕವಿತೆಯಲ್ಲಿ ಅಮೇರಿಕೆಯ ಸ್ವಾತಂತ್ರ್ಯವನ್ನು ಬಯಸುತ್ತಾಳೆ. ಈ ಬಯಕೆ ತನಗೆಲ್ಲಿಂದ ಬಂತೆಂಬುದನ್ನೂ ಹೇಳುತ್ತಾಳೆ: ತನ್ನನ್ನು ತಂದೆಯ ಮಡಿಲಿನಿಂದ ಕಸಿದುತಂದರು, ಆದುದರಿಂದ ದಬ್ಬಾಳಿಕೆಯ ರುಚಿ ತನಗೆ ಗೊತ್ತು, ಅದು ಇನ್ನಾರಿಗೂ ಬಾರದಿರಲಿ ಎಂದು. ಇದರಲ್ಲಿ ಜಗಳದ ಮಾತಿಲ್ಲ. ಆದರೆ ಬ್ರಿಟಿಷರಿಂದ ಸ್ವಾತಂತ್ರ್ಯ ಬೇಡುವ ನೀವು ನನ್ನನ್ನು ಹೇಗೆ ಇಟ್ಟಿದ್ದೀರಿ ಎಂಬ ಪ್ರಶ್ನೆ ಸಾಲುಗಳ ನಡುವೆ ಇದೆ. ಕನಸು ಕಂಡವರ ಮಾತನ್ನೇ ಹಿಡಿದು ಅವರನ್ನು ಕೇಳುವ ರೀತಿ ಇದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳಗಾವಿಗೆ ಮರಳೋಣ.

ಕಿತ್ತೂರಿನ ಕಾಳಗವಾಗಿ ಸರಿಯಾಗಿ ನೂರು ವರ್ಷಕ್ಕೆ, 1924ರ ಡಿಸೆಂಬರ್ 26 ಮತ್ತು 27ರಂದು, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕಮಾತ್ರ ಅಧಿವೇಶನವದು. ಗಂಗಾಧರರಾವ ದೇಶಪಾಂಡೆಯವರ ಮುಂದಾಳುತನದಲ್ಲಿ ಕಟ್ಟಿದ ಆ ಬಿಡಾರಕ್ಕೆ ವಿಜಯನಗರ ಎಂದೇ ಹೆಸರಿಟ್ಟಿದ್ದರು. ಹಾಳಾದ ರಾಜಧಾನಿಯ ಹೆಸರು ಮರಳಿ ಬಂದಿತ್ತು, ಆದರೆ ಈ ಸಲ ಒಳಗೆ ಅರಸನಿರಲಿಲ್ಲ. ಚಾಪೆಯ ಮೇಲೆ ಪ್ರತಿನಿಧಿಗಳಿದ್ದರು. ಕಾಲಜ್ಞಾನದ ವೀರವಸಂತರಾಯನ ಜಾಗದಲ್ಲಿ ಸಭೆ ಬಂದು ಕುಳಿತಿತ್ತು.

ಆ ಅಧಿವೇಶನದಲ್ಲಿಯೇ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಎಂಬ ಗೀತವನ್ನು ಹಾಡಿದರು. ಅದರ ಹೆಸರಿನ ಮೊದಲ ಪದವನ್ನೇ ವಿಚಾರಿಸಿರಿ. ಲಾವಣಿಕಾರನು ‘ಆಯಿತು’ ಎಂದನು. ಕಾಲಜ್ಞಾನಿ ‘ಆಗುವುದು’ ಎಂದನು. ನಾರಾಯಣರಾಯರು ‘ಆಗಲಿ’ ಎಂದರು. ವ್ಯಾಕರಣದಲ್ಲಿ ಇದು ವಿಧ್ಯರ್ಥ. ‘ಆಗುವುದು’ ಎಂದು ಕೇಳಿದವನು ಕೈಕಟ್ಟಿ ಕುಳಿತಿರಬಹುದು. ‘ಆಗಲಿ’ ಎಂದು ಸಾವಿರ ಜನ ಕೂಡಿ ಹಾಡಿದ ಮೇಲೆ, ಆಗದಿದ್ದರೆ ಅದರ ಹೊಣೆ ಹಾಡಿದವರ ಮೇಲೆಯೇ ಬೀಳುತ್ತದೆ. ಆ ಹಾರೈಕೆ ಕೈಗೂಡಿದ್ದು 32 ವರ್ಷಗಳ ಮೇಲೆ, 1956ರ ನವೆಂಬರ್ 1ರಂದು.

ನಮ್ಮ ಚಿತ್ರದಲ್ಲಿಯೂ ಕತ್ತಲಿನ ಮೂಲೆ ಇತ್ತೆಂಬುದನ್ನು ಮರೆಯಬಾರದು. ಗಾಂಧಿಯವರು ತಮ್ಮ ಅಧ್ಯಕ್ಷ ಭಾಷಣದಲ್ಲಿ ಅಸ್ಪೃಶ್ಯತೆಯ ನಿವಾರಣೆಯನ್ನು ಸ್ವರಾಜ್ಯದ ಕಾರ್ಯಗಳಲ್ಲಿ ಒಂದಾಗಿ ಎಣಿಸಿದ್ದರು. ಆದರೆ ಬೇರೆಯವರು ನಿವಾರಿಸುವರೆಂದು ಕಾಯುವುದು ಬೇರೆ, ತಾವೇ ಸಭೆಗೂಡಿ ಮಾತಾಡುವುದು ಬೇರೆ. ಬೆಳಗಾವಿಯ ಅಧಿವೇಶನ ಮುಗಿದು ನಾಲ್ಕು ತಿಂಗಳು ತುಂಬುವುದರೊಳಗೆ, 1925ರ ಏಪ್ರಿಲಿನಲ್ಲಿ, ಇದೇ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತು ನೆರೆಯಿತು. ಡಾ. ಬಾಬಾಸಾಹೇಬ ಅಂಬೇಡ್ಕರರು ಅದರ ಅಧ್ಯಕ್ಷರು. ಒಂದೇ ಜಿಲ್ಲೆಯಲ್ಲಿ, ಒಂದೇ ಚಳಿಗಾಲ-ಬೇಸಿಗೆಗಳಲ್ಲಿ, ನಾಳೆಯನ್ನು ಕುರಿತ ಎರಡು ಸಭೆಗಳು. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ನಮ್ಮ ಜಿಲ್ಲೆಯ ಇತಿಹಾಸವನ್ನು ಅರ್ಧ ಓದಿದಂತೆ.

ಇನ್ನು ಕವಿವರ್ಯ ಬೇಂದ್ರೆಯವರು. ಅವರ ‘ಗರಿ’ ಸಂಕಲನ 1932ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ‘ನರಬಲಿ’ ಎಂಬ ಕವಿತೆ ರಾಜದ್ರೋಹವೆಂದು ಸರಕಾರಕ್ಕೆ ತೋರಿ, ಬೇಂದ್ರೆಯವರನ್ನು ಬೆಳಗಾವಿಯ ಬಳಿಯ ಹಿಂಡಲಗಾ ಸೆರೆಮನೆಯಲ್ಲಿಟ್ಟರು. ಬಳಿಕ ಮುಗದ ಎಂಬ ಹಳ್ಳಿಯಲ್ಲಿ ನಜರಬಂದಿಯಲ್ಲಿ ಇರಿಸಿದರು. ಸೆರೆಹಡಗಿನ ಫ್ರೆನೊನ ನೆನಪು ಇಲ್ಲಿ ಸಹಜವಾಗಿ ಬರುತ್ತದೆ. ಒಂದು ಕವಿತೆಗೆ ಸರಕಾರ ಅಂಜಿತೆಂದರೆ, ಕವಿತೆಯು ನಾಳೆಯನ್ನು ನಿಜವಾಗಿಯೇ ಹತ್ತಿರಕ್ಕೆ ಎಳೆಯುತ್ತದೆ ಎಂಬುದನ್ನು ಆಳುವವರು ನಮಗಿಂತ ಮೊದಲೇ ತಿಳಿದಿದ್ದರು.

ಆದರೆ ಬೇಂದ್ರೆಯವರ ಹಿರಿಮೆ ಇಷ್ಟರಲ್ಲಿಯೇ ಮುಗಿಯುವುದಿಲ್ಲ. ದಬ್ಬಾಳಿಕೆಯು ಬಿಳಿಯ ಬಣ್ಣದ್ದೇ ಆಗಬೇಕೆಂದಿಲ್ಲ ಎಂಬುದನ್ನೂ ಅವರು ಕಂಡರು. ‘ಕುರುಡು ಕಾಂಚಾಣ’ದಲ್ಲಿ ಹಣವೆಂಬುದು ಮಾರಿಯಂತೆ ಕುಣಿಯುತ್ತದೆ, ಕಾಲಿಗೆ ಬಿದ್ದವರನ್ನು ತುಳಿಯುತ್ತದೆ. ಅದೇ ಕಾಲಕ್ಕೆ ಮೈಸೂರಿನ ಕಡೆ ಕುವೆಂಪು ಅವರು ‘ಕಲ್ಕಿ’ ಎಂಬ ಕವಿತೆ ಬರೆದರು. ದಶಾವತಾರದ ಕೊನೆಯವನಾದ ಕಲ್ಕಿಯ ಹೆಸರು ಹಳೆಯದು. ಆದರೆ ಅವರ ಕವಿತೆಯಲ್ಲಿ ಏಳುವುದು ಹಸಿದವರ ಸಿಟ್ಟು. ಬರಲಿರುವವನು ಯಾರೆಂಬ ಪ್ರಶ್ನೆಗೆ ಉತ್ತರ ಬದಲಾಗಿತ್ತು.

ಈ ಮಾತು ಗೋಕಾಕ ಫಾಲ್ಸಿನವಳಾದ ನನಗೆ ಹತ್ತಿರದ್ದು. ಘಟಪ್ರಭೆ 52 ಮೀಟರು ಕೆಳಗೆ ಧುಮುಕುವ ಬಲವನ್ನು ಹಿಡಿದು, 1887ರಲ್ಲಿ ಇಲ್ಲಿಯ ನೂಲಿನ ಗಿರಣಿಯನ್ನು ತಿರುಗಿಸಿದರು. ಹಳ್ಳಿಯ ಜನ ಹೊಲ ಬಿಟ್ಟು ಪಾಳಿಗೆ ಬಂದರು. ನಮ್ಮ ಮನೆಯವರೂ ಹಾಗೆ ಬಂದವರೇ. ನನ್ನ ಅಜ್ಜನಿಗೆ ನೂಲಿನ ನಂಬರುಗಳೆಲ್ಲ ಬೆರಳ ತುದಿಯಲ್ಲಿ ತಿಳಿಯುತ್ತಿದ್ದವು. ಆದರೆ ಪಗಾರದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಕವಿಗಳು ಕಂಡ ನಾಳೆಯಲ್ಲಿ ಇಂಥ ಮನೆಗಳಿಗೆ ಜಾಗವಿತ್ತೇ ಎಂದು ಹುಡುಕುವುದು ನನಗೆ ಪರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲ.

ನಮ್ಮ ತಾಲೂಕಿನವರೇ ಆದ ಇಬ್ಬರು ಲೇಖಕರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಒಬ್ಬರು ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಬೆಟಗೇರಿ ಕೃಷ್ಣಶರ್ಮರು, ಕಾವ್ಯನಾಮ ಆನಂದಕಂದ. ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿದ್ದವರು, 1938ರಲ್ಲಿ ‘ಜಯಂತಿ’ ಪತ್ರಿಕೆಯನ್ನು ಆರಂಭಿಸಿದವರು. ‘ಅರುಣೋದಯ’ ಎಂಬುದು ಅವರ ಕವನಸಂಗ್ರಹವೊಂದರ ಹೆಸರು. ‘ಕಾರಹುಣ್ಣಿವೆ’ ಇನ್ನೊಂದರ ಹೆಸರು. ಬೆಳಗಿನ ಕನಸೂ ಎತ್ತುಗಳ ಹಬ್ಬವೂ ಒಬ್ಬನೇ ಕವಿಯ ಕೈಯಲ್ಲಿ ಪುಸ್ತಕಗಳ ಹೆಸರಾದುವು. ‘ನಲ್ವಾಡುಗಳು’ ಸಂಗ್ರಹದಲ್ಲಿ ಅವರು ನಮ್ಮ ಹಳ್ಳಿಯ ಆಡುಮಾತನ್ನೇ ಕಾವ್ಯದ ಮಾತಾಗಿ ಮಾಡಿದರು. ನಾಳೆಯ ನಾಡಿನಲ್ಲಿ ನನ್ನ ಅಜ್ಜಿಯ ಮಾತಿಗೂ ಮರ್ಯಾದೆ ಇದೆ ಎಂದು ತೋರಿಸುವುದು ಸಣ್ಣ ಕೆಲಸವಲ್ಲ.

ಇನ್ನೊಬ್ಬರು ಇದೇ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಅವರದು ಪದ್ಯವಲ್ಲ, ಗದ್ಯ. ‘ಮಾಡಿ ಮಡಿದವರು’ ಕಾದಂಬರಿಯಲ್ಲಿ ಹೋರಾಡಿದವರ ಕಥೆಯಿದೆ. 1951ರ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯಲ್ಲಿ ಮುದ್ರಣಾಲಯದ ಕೆಲಸಗಾರರ ಬವಣೆಯಿದೆ. ಕನಸು ಕೈಗೂಡಿದ ಮೇಲೆ ಲೆಕ್ಕ ನೋಡುವವನೊಬ್ಬ ಬೇಕು. ಸ್ವಾತಂತ್ರ್ಯ ಬಂದಿತು, ದುಡಿಯುವವನ ಮನೆಗೆ ಎಷ್ಟು ಬಂದಿತು ಎಂಬ ಲೆಕ್ಕವನ್ನು ಕಟ್ಟೀಮನಿಯವರು ಹಿಡಿದರು.

ಇದೇ ಲೆಕ್ಕವನ್ನು ಪದ್ಯದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ಸಿದ್ಧಲಿಂಗಯ್ಯನವರು. 1975ರ ‘ಹೊಲೆಮಾದಿಗರ ಹಾಡು’ ಸಂಕಲನದಿಂದ ಅವರ ದನಿ ನಾಡಿಗೆಲ್ಲ ಕೇಳಿಸಿತು. 1947ರ ಸ್ವಾತಂತ್ರ್ಯ ಯಾರ ಬೀದಿಗೆ ತಲುಪಿತು, ಯಾರ ಗುಡಿಸಲಿಗೆ ತಲುಪಲಿಲ್ಲ ಎಂದು ಅವರ ಹಾಡು ವಿಚಾರಿಸಿತು. ಬಾಸ್ಟನ್ನಿನ ಫಿಲಿಸಳು ಮೆಲ್ಲನೆ ಕೇಳಿದ ಪ್ರಶ್ನೆಯೇ ಇದು. ಇಲ್ಲಿ ಸಾವಿರಾರು ಜನ ಮೆರವಣಿಗೆಯಲ್ಲಿ ಹಾಡಿದರು. ಅವಳಿಗೆ 18 ಜನರ ಸಹಿ ಬೇಕಾಗಿತ್ತು. ಇವರಿಗೆ ಯಾರ ಸಹಿಯೂ ಬೇಕಾಗಲಿಲ್ಲ.

ಇದಿಷ್ಟರಿಂದ ನನಗೆ ತಿಳಿದುಬಂದ ಸಂಗತಿ ಒಂದೇ. ದಾಸ್ಯವಿಲ್ಲದ ನಾಳೆಯನ್ನು ಮೊದಲು ಹಾಡಿದವರು ಎಲ್ಲರನ್ನೂ ಕಂಡಿರುವುದಿಲ್ಲ. ಅಮೇರಿಕೆಯ ಕವಿಗಳು ಗುಲಾಮರನ್ನು ಮರೆತರು. ನಮ್ಮ ಸಭೆಗಳೂ ಹಾಡುಗಳೂ ಕೆಲವರನ್ನು ಹೊಸ್ತಿಲಾಚೆ ನಿಲ್ಲಿಸಿದುವು. ಹಾಗೆಂದು ಆ ಹಾಡುಗಳು ಸುಳ್ಳೆಂದು ಎಸೆಯುವುದು ಅವಿವೇಕ. ‘ಎಲ್ಲರೂ ಸ್ವತಂತ್ರರಾಗಲಿ’ ಎಂದು ಒಮ್ಮೆ ಹಾಡಿದ ಮೇಲೆ ‘ಎಲ್ಲರೂ’ ಎಂಬ ಪದ ಹಾಡಿದವನ ಕೈಯಲ್ಲಿ ಉಳಿಯುವುದಿಲ್ಲ. ಹೊಸ್ತಿಲಾಚೆ ನಿಂತವನು ಅದೇ ಪದವನ್ನು ಹಿಡಿದು ಒಳಗೆ ಬರುತ್ತಾನೆ. ಕೊಟ್ಟ ಮಾತನ್ನು ಕೇಳಲು ಬಂದವನಿಗೆ ಬಾಗಿಲು ಹಾಕಲಾಗದು. ರಾಯಣ್ಣನನ್ನು ಗಲ್ಲಿಗೇರಿಸಿದ ಜನವರಿ 26ರಂದೇ, 119 ವರ್ಷಗಳ ಮೇಲೆ, 1950ರಲ್ಲಿ ನಮ್ಮ ಸಂವಿಧಾನ ಜಾರಿಗೆ ಬಂದಿತು. ಅದರಲ್ಲಿಯೂ ಆ ‘ಎಲ್ಲರೂ’ ಇದ್ದಾರೆ. ಅದನ್ನು ಓದಬಲ್ಲವರು ಹೆಚ್ಚಿದಷ್ಟೂ ಕೇಳುವವರೂ ಹೆಚ್ಚುತ್ತಾರೆ.

ಕೊನೆಯದಾಗಿ ಸಹಾಧ್ಯಾಯಿಗಳಲ್ಲಿ ಒಂದು ಬಿನ್ನಹ. ಈ ರಜೆಯಲ್ಲಿ ನಿಮ್ಮ ನಿಮ್ಮ ಊರುಗಳಿಗೆ ಹೋದಾಗ ಲಾವಣಿ, ಗೀಗೀ ಪದ, ಬೀಸುವ ಪದಗಳನ್ನು ಬಲ್ಲ ಹಿರಿಯರ ಬಳಿ ಕುಳಿತು ಬರೆದುಕೊಳ್ಳಿರಿ. ಒಮ್ಮೆ ಫ್ಲೀಟ್ ಸಾಹೇಬನು ಮಾಡಿದ ಕೆಲಸವನ್ನು ಇಂದು ನಾವೇ ಮಾಡಬಹುದು. ಆ ಹಾಡುಗಳು ಯಾವ ನಾಳೆಯನ್ನು ಬಯಸಿದುವು, ಅದರಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದನ್ನು ನೋಡಿರಿ. ಮತ್ತು ಹಲಗಲಿಯ ಆ ಪಟ್ಟಿಯನ್ನು ಮರೆಯಬೇಡಿರಿ. ನಾಳೆಯ ನಾಡು ಎಷ್ಟೇ ಭವ್ಯವಾಗಿರಲಿ, ಎಲ್ಲಕ್ಕಿಂತ ಬಡವನ ಮನೆಯಲ್ಲಿ ಉಪ್ಪು, ಜೀರಿಗೆ, ಬೀಸುಕಲ್ಲುಗಳು ಇದ್ದಲ್ಲಿಯೇ ಇವೆಯೇ ಎಂದು ಮೊದಲು ನೋಡತಕ್ಕದ್ದು. ಉಳಿದುದೆಲ್ಲ ಆಮೇಲಿನದು.